ಚೌಕಿಮನೆಯ ಅಂಗಳ ಮತ್ತು ಸಿನಿಮಾದ ಬೆಳಕು

ಪ್ರಶ್ನೆ: ಹಳೆಯ ಕಪ್ಪು-ಬಿಳುಪು ಚಿತ್ರಗಳಲ್ಲಿ ನೆರಳು ಗೋಡೆಯ ಮೇಲೆ ಗೆರೆ ಎಳೆದಂತೆ ಬೀಳುತ್ತದೆ, ಈಗಿನ ಚಿತ್ರಗಳಲ್ಲಿ ಬೆಳಕು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಇದು ಹೇಗೆ ಬದಲಾಯಿತು? ನಡುವೆ ತೆರೆದ ಅಂಗಳವಿರುವ ನಮ್ಮ ಚೌಕಿಮನೆಯಲ್ಲಿ ಕಿರುಚಿತ್ರ ತೆಗೆಯಲಿದ್ದೇವೆ. ದೀಪಗಳನ್ನು ಬಾಡಿಗೆಗೆ ತರಲೇಬೇಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಿನಿಮಾದ ಮೊದಲ ದೀಪ ಸೂರ್ಯನೇ. 1893ರಲ್ಲಿ ಎಡಿಸನ್ ನ್ಯೂಜೆರ್ಸಿಯಲ್ಲಿ ಕಟ್ಟಿಸಿದ ‘ಬ್ಲ್ಯಾಕ್ ಮರಿಯಾ’ ಸ್ಟುಡಿಯೊದ ಮಾಡನ್ನು ತೆರೆಯಬಹುದಾಗಿತ್ತು. ಬಿಸಿಲು ಸರಿದಂತೆ ಇಡೀ ಕಟ್ಟಡವನ್ನೇ ಹಳಿಯ ಮೇಲೆ ತಿರುಗಿಸುತ್ತಿದ್ದರು. ಮುಂದೆ ಪಾದರಸದ ಆವಿಯ ದೀಪಗಳು, ಕಾರ್ಬನ್ ಆರ್ಕ್ ದೀಪಗಳು ಬಂದವು. 1920ರ ದಶಕದ ಕೊನೆಯಲ್ಲಿ ಚಿತ್ರಗಳು ಮಾತನಾಡತೊಡಗಿದಾಗ ಆರ್ಕ್ ದೀಪದ ಗುಂಯ್ ಎನ್ನುವ ಸದ್ದು ಧ್ವನಿಗ್ರಹಣಕ್ಕೆ ಅಡ್ಡಿಯಾಗಿ, ಸದ್ದಿಲ್ಲದ ಟಂಗ್‌ಸ್ಟನ್ ಬಲ್ಬುಗಳು ಆ ಜಾಗ ಹಿಡಿದವು.

ನೀವು ಕಂಡ ಗೆರೆಯಂಥ ನೆರಳಿಗೆ ಮುಖ್ಯ ಕಾರಣ ಅಂದಿನ ಫಿಲ್ಮು ಬೆಳಕನ್ನು ಗ್ರಹಿಸುವುದರಲ್ಲಿ ಬಹಳ ಮಂದವಾಗಿದ್ದುದು. ಬಣ್ಣದ ಫಿಲ್ಮಂತೂ ಇನ್ನೂ ಮಂದ: 1950ರಲ್ಲಿ ಬಂದ ಈಸ್ಟ್‌ಮನ್ ಕಲರ್ ನೆಗೆಟಿವ್‌ನ ‘ವೇಗ’, ಅಂದರೆ ಬೆಳಕನ್ನು ಗ್ರಹಿಸುವ ಚುರುಕಿನ ಅಳತೆ, 16 ಮಾತ್ರ. ಇಂದಿನ ಅನೇಕ ಡಿಜಿಟಲ್ ಕ್ಯಾಮೆರಾಗಳದು 800. ಬಟ್ಟೆಗೋ ಗೋಡೆಗೋ ಬಡಿದು ಮರಳುವಾಗ ಬೆಳಕಿನ ದೊಡ್ಡ ಪಾಲು ಸೋರಿಹೋಗುವುದರಿಂದ, ದೀಪವನ್ನು ನೇರವಾಗಿ ಮುಖಕ್ಕೇ ಹಿಡಿಯದೆ ಗತಿಯಿರಲಿಲ್ಲ. ಆ ಕಟ್ಟುಪಾಡಿನೊಳಗೇ ಮಹಾನ್ ಕೆಲಸಗಳಾದವು ಎಂಬುದನ್ನು ಮರೆಯಬಾರದು: ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ‘ಕಾಗಜ್ ಕೆ ಫೂಲ್’ (1959) ಚಿತ್ರಕ್ಕಾಗಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೊದೊಳಗೆ ತಿರುಗಿಸಿ ಹರಿಸಿದ ಬೆಳಕಿನ ಕೋಲನ್ನು ನಾನು ಎಷ್ಟು ಸಲ ನೋಡಿದರೂ ದಣಿದಿಲ್ಲ.

ಇನ್ನೊಂದು ದಾರಿಯನ್ನು ತೋರಿದವರು ಸತ್ಯಜಿತ್ ರಾಯ್ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ. ‘ಅಪರಾಜಿತೊ’ (1956) ಚಿತ್ರಕ್ಕೆ ಕಾಶಿಯ ಮನೆಯೊಂದರ ಒಳಅಂಗಳವನ್ನು, ಮಳೆಯ ಭಯದಿಂದ, ಸ್ಟುಡಿಯೊದೊಳಗೆ ಕಟ್ಟಬೇಕಾಯಿತು. ಅಂಥ ಅಂಗಳಕ್ಕೆ ಮೇಲಿನ ಆಕಾಶದ ತುಂಡಿನಿಂದ ಇಳಿಯುವ ನೆರಳಿಲ್ಲದ ಬೆಳಕು ನೇರ ದೀಪಗಳಿಂದ ಹುಟ್ಟುವಂಥದ್ದಲ್ಲ. ಮಿತ್ರ ಅವರು ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಕೆಳಗಿನಿಂದ ಅದಕ್ಕೆ ಹಾಯಿಸಿ, ಮರಳಿ ಬಿದ್ದ ಬೆಳಕಿನಲ್ಲಿ ಚಿತ್ರೀಕರಿಸಿದರು. ಬೆಳಕಿನ ಮೂಲ ಅಗಲವಾದಷ್ಟೂ ನೆರಳಿನ ಅಂಚು ಕರಗುತ್ತದೆ. ಫಿಲ್ಮು ಚುರುಕಾದಂತೆ ಈ ಕ್ರಮ ಎಲ್ಲೆಡೆ ರೂಢಿಯಾಯಿತು.

ಅವರು ಬಟ್ಟೆ ಕಟ್ಟಿ ಸೃಷ್ಟಿಸಿದ್ದು ನಿಮ್ಮ ಮನೆಯಲ್ಲಿ ದಿನವೂ ಇದೆ. ಆದ್ದರಿಂದ ಹಗಲಿನ ದೃಶ್ಯಗಳಿಗೆ ಬಾಡಿಗೆ ದೀಪ ಬೇಡ. ಪಾತ್ರಧಾರಿಯನ್ನು ಜಗುಲಿಯ ಅಂಚಿನಲ್ಲಿ, ಅಂಗಳದತ್ತ ಓರೆಯಾಗಿ ಕೂರಿಸಿ. ಕತ್ತಲೆಯ ಕೆನ್ನೆಯ ಕಡೆ ಬಿಳಿಯ ಥರ್ಮಕೋಲ್ ಹಲಗೆ ಹಿಡಿಯಿರಿ. ನಡುಮಧ್ಯಾಹ್ನ ಬಿಸಿಲು ನೇರ ಇಳಿದರೆ ಅಂಗಳದ ಮೇಲೆ ತೆಳು ಬಿಳಿ ಪಂಚೆ ಕಟ್ಟಿ. ನೆಲ ಕೆಂಪು ಗಾರೆಯದಾಗಿದ್ದರೆ ಗದ್ದದ ಕೆಳಗೆ ಕೆಂಪು ಛಾಯೆ ಏರುತ್ತದೆ. ಕ್ಯಾಮೆರಾಕ್ಕೆ ಕಾಣದಂತೆ ಅಲ್ಲಿ ಬೂದು ಕಂಬಳಿ ಹಾಸಿದರೆ ಸಾಕು. ಒಳಮನೆಯ ಟ್ಯೂಬ್‌ಲೈಟ್ ಆರಿಸಿಡಿ, ಇಲ್ಲವಾದರೆ ಎರಡು ಬಣ್ಣದ ಬೆಳಕು ಒಂದೇ ಮುಖದ ಮೇಲೆ ಬೆರೆಯುತ್ತದೆ. ರಾತ್ರಿಯ ದೃಶ್ಯಕ್ಕೆ ಮಾತ್ರ ಒಂದು ಎಲ್‌ಇಡಿ ದೀಪ ತನ್ನಿ, ಅದನ್ನೂ ಸುಣ್ಣ ಬಳಿದ ಗೋಡೆಗೇ ತಿರುಗಿಸಿಡಿ.