ರೈಲು ತಪ್ಪಿದ್ದು ಒಳ್ಳೇದೇ ಆಯ್ತು

ಬೆಂಗಳೂರಿನ ಓದುಗರೊಬ್ಬರ ಪತ್ರದ ಸಾರ: "ಆಫೀಸಿನ ಗೆಳೆಯನ ಮದುವೆಗೆಂದು ಕುಂದಗೋಳಕ್ಕೆ ಹೋಗಿದ್ದೆ. ರಾತ್ರಿ ಹುಬ್ಬಳ್ಳಿಗೆ ವಾಪಸ್ ಹೋಗುವ ರೈಲು ತಪ್ಪಿತು. ಊರೊಳಗೆ ಸುಮ್ನೆ ತಿರುಗಾಡುವಾಗ ಒಂದು ಹಳೇ ವಾಡೆಯಿಂದ ಹಾಡು ಕೇಳಿಸಿತು. ಬಾಗಿಲು ತೆರೆದೇ ಇತ್ತು, ಒಳಗೆ ಹೋದೆ. ಯಾರೂ ಟಿಕೆಟ್ ಕೇಳಲಿಲ್ಲ, ನೀವು ಯಾರು ಅಂತಲೂ ಕೇಳಲಿಲ್ಲ. ಬೆಳಕು ಹರಿಯುವವರೆಗೂ ಕೂತುಬಿಟ್ಟೆ. ನನಗೆ ಸಂಗೀತದ ಗಂಧಗಾಳಿ ಇಲ್ಲ. ಆದರೂ ನಸುಕಿನಲ್ಲಿ ಒಬ್ಬ ಹೆಣ್ಣುಮಗಳು ಹಾಡಿದ್ದು ಇನ್ನೂ ತಲೆಯಿಂದ ಹೋಗುತ್ತಿಲ್ಲ. ಅದರ ತುಣುಕೊಂದನ್ನು ಫೋನಿನಲ್ಲಿ ಹಿಡಿದದ್ದನ್ನು ಕಳಿಸಿದ್ದೇನೆ. ಅದು ಯಾವ ರಾಗ? ಇಂಥ ಮೂಲೆ ಊರಿಗೆ ಇಂಥ ಸಂಗೀತ ಬಂದದ್ದು ಹೇಗೆ? ಪಕ್ಕದಲ್ಲಿದ್ದ ಅಜ್ಜ ನನಗೆ ಏನೂ ಗೊತ್ತಾಗದ ಜಾಗದಲ್ಲಿ ತಲೆ ತೂಗಿ 'ಭಲೇ' ಅನ್ನುತ್ತಿದ್ದರು, ಅದೇನು? ನಿಮ್ಮ ಪತ್ರಿಕೆ ಬರೆದರೆ ಆ ಗಾಯಕಿಗೆ ಬೆಂಗಳೂರಿನಲ್ಲಿ ಒಂದು ಒಳ್ಳೆ ವೇದಿಕೆ ಸಿಗಬಹುದಲ್ವಾ? ಈ ರೆಕಾರ್ಡಿಂಗನ್ನು ಎಲ್ಲರಿಗೂ ಹಂಚಲಾ?"

ನಮಸ್ಕಾರ. ನೀವು ಹೊಕ್ಕ ಆ ಮನೆ ನಾಡಿಗೇರ ವಾಡೆ. ನಿಮ್ಮನ್ನು ಯಾರೂ ಟಿಕೆಟ್ ಕೇಳಲಿಲ್ಲ, ಯಾಕೆಂದರೆ ಅಲ್ಲಿ ಟಿಕೆಟ್ಟೇ ಇಲ್ಲ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿಗೆ ಅಲ್ಲಿ ವರ್ಷಕ್ಕೊಮ್ಮೆ ರಾತ್ರಿಯಿಡೀ ಹಾಡು ನಡೆಯುತ್ತದೆ. ನಿಮಗದು ಆಕಸ್ಮಿಕ. ಹುಬ್ಬಳ್ಳಿ, ಧಾರವಾಡದ ಕಡೆಯ ಎಷ್ಟೋ ಜನ ಆ ದಿನವನ್ನು ಮೊದಲೇ ಗುರುತು ಹಾಕಿಕೊಂಡು, ಶಾಲು ಹೊದ್ದು ಬಂದು ಕೂತಿರುತ್ತಾರೆ.

ಮೂಲೆ ಊರು ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ನಿಮ್ಮನ್ನು ಬಿಟ್ಟು ಹೋದ ಅದೇ ರೈಲುದಾರಿ ಈ ಕತೆಗೂ ಬೇಕು. ಹಿಂದಿನ ಶತಮಾನದ ಶುರುವಿನಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನ್ ಮೀರಜಿನ ಕಡೆಯಿಂದ ಮೈಸೂರು ದರ್ಬಾರಿಗೆ ಹಾಡಲು ಹೋಗಿ ಬರುತ್ತಿದ್ದರು. ಹುಬ್ಬಳ್ಳಿಯ ಮೇಲೆಯೇ ಹೋಗಬೇಕು. ನಡುವೆ ಇಳಿದು ಉಳಿಯಲು ಸಂಗೀತದ ಹುಚ್ಚಿದ್ದ ಒಂದು ಮನೆ ಬೇಕು. ಕುಂದಗೋಳದ ನಾಡಿಗೇರರದು ಅಂಥ ಮನೆ. ಜಮೀನ್ದಾರರ ಮನೆ, ದೊಡ್ಡ ಅಂಗಳ, ಊಟಕ್ಕೆ ಹಾಡಿಗೆ ಯಾವುದಕ್ಕೂ ಕೊರತೆ ಇಲ್ಲ. ಅದೇ ಮನೆಯಲ್ಲಿ ಗುಮಾಸ್ತರಾಗಿದ್ದವರ ಮಗ ರಾಮಚಂದ್ರ, 1886ರಲ್ಲಿ ಹುಟ್ಟಿದ ಹುಡುಗ. ಖಾನ್ ಸಾಹೇಬರ ಶಿಷ್ಯನಾದ. ಎಂಟು ವರ್ಷ ಬಿಟ್ಟು ಹೋಗಬಾರದು ಅಂತ ಷರತ್ತು ಹಾಕಿಯೇ ಕಲಿಸಿದರು ಅಂತ ಹೇಳುತ್ತಾರೆ. ಮುಂದೆ ಆತ ಮರಾಠಿ ನಾಟಕಗಳಲ್ಲಿ ಹಾಡಿ ಸವಾಯಿ ಗಂಧರ್ವ ಅಂತ ಹೆಸರಾದರು. ವಯಸ್ಸಾದ ಮೇಲೆ ಮತ್ತೆ ಕುಂದಗೋಳಕ್ಕೇ ಬಂದು ಕಲಿಸಲು ಕೂತರು.

ಕಲಿಯಲು ಬಂದವರು ಯಾರು ನೋಡಿ. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು, ಪಾಠ ಮುಗಿಸಿ, ರಾತ್ರಿ ರೈಲಿಗೆ ವಾಪಸ್ ಹೋಗುತ್ತಿದ್ದರು. ಮನೆಯಲ್ಲಿ ಮಕ್ಕಳು, ಸಂಸಾರ. ನೀವು ಪೇಚಾಡಿಕೊಂಡು ನಿಂತ ಆ ಪ್ಲಾಟ್‌ಫಾರ್ಮಿನಲ್ಲಿ ಅವರು ಎಷ್ಟು ರಾತ್ರಿ ಕಾದಿದ್ದಾರೋ! ಗದುಗಿನ ಹುಡುಗ ಭೀಮಸೇನ ಜೋಶಿ ಸಂಗೀತ ಬೇಕೆಂದು ಮನೆ ಬಿಟ್ಟು ಓಡಿ, ಗ್ವಾಲಿಯರ್, ಕೊಲ್ಕತ್ತಾ, ಜಲಂಧರ್ ಅಂತ ಉತ್ತರವನ್ನೆಲ್ಲ ಸುತ್ತಿದ. ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ. ಅಲ್ಲಿ ಮೊದಲು ಮಾಡಿದ ಕೆಲಸ ಗುರುಗಳ ಮನೆಗೆ ನೀರು ಹೊರುವುದು. ಮುಂದೆ ಇಬ್ಬರೂ ಅದೇ ವಾಡೆಯಲ್ಲಿ ಗುರುವಿನ ಹೆಸರಿನಲ್ಲಿ ಹಾಡಿದರು.

ಕರೀಂ ಖಾನರು ಹುಟ್ಟಿದ ಕೈರಾನಾ ಕೂಡ ಉತ್ತರ ಪ್ರದೇಶದ ಒಂದು ಸಣ್ಣ ಊರೇ. ಅವರ ಹಾಡಿನ ಪರಂಪರೆಯಾದ ಕಿರಾಣಾ ಘರಾಣೆಗೆ ಹೆಸರು ಬಂದದ್ದು ಅಲ್ಲಿಂದ. ಮನ್ಸೂರ, ರೋಣ, ಸುಳೇಭಾವಿ, ಯಲಿವಾಳ ಇವೆಲ್ಲ ಬಸ್ಸಿನ ಬೋರ್ಡಿನಲ್ಲಿ ಕಾಣುವ ಊರುಗಳು. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಕುಮಾರ ಗಂಧರ್ವ, ಬಸವರಾಜ ರಾಜಗುರು ಹುಟ್ಟಿದ ಊರುಗಳು ಕೂಡ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಬೇಕಾಗುತ್ತದೆ. ಈ ಸಂಗೀತ ಬೆಂಗಳೂರಿಗೆ ಹೇಗೆ ಬಂತು ಅಂತ ಕುಂದಗೋಳದವರು ಕೇಳಿದರೂ ತಪ್ಪಿಲ್ಲ.

ಖಾನ್ ಸಾಹೇಬರ ಕೊನೆಯೂ ಒಂದು ರೈಲು ಪ್ರಯಾಣದಲ್ಲೇ ಆಯಿತು. 1937ರಲ್ಲಿ ಪುದುಚೇರಿಗೆ ಹೊರಟಿದ್ದರು. ದಾರಿಯಲ್ಲಿ ಎದೆನೋವು. ಸಿಂಗಪೆರುಮಾಳ್ ಕೋವಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿಸಿ, ತಂಬೂರಿ ಹಿಡಿಸಿಕೊಂಡು ಪ್ರಾರ್ಥನೆ ಹಾಡುತ್ತಲೇ ಹೋದರು ಅಂತ ಹೇಳುತ್ತಾರೆ. ಆ ರಾತ್ರಿ ಅಲ್ಲಿ ಬೇರೆ ಗಾಡಿಗೆ ಕಾಯುತ್ತಿದ್ದವರಿಗೆ ಏನು ಕೇಳುತ್ತಿದ್ದೇವೆ ಅಂತ ಗೊತ್ತಿತ್ತೋ ಇಲ್ಲವೋ.

ಇನ್ನು ನಿಮ್ಮ ರಾಗ. ನೀವು ಕಳಿಸಿದ್ದನ್ನು ಕೇಳಿದೆ. ಮಧ್ಯೆ ಯಾರೋ ಕೆಮ್ಮಿದ್ದಾರೆ, ಚಹಾದ ಲೋಟ ಉರುಳಿದ್ದೂ ಕೇಳಿಸುತ್ತದೆ. ಆದರೂ ಅನುಮಾನ ಇಲ್ಲ. ಅದು ಲಲಿತ್. ನಿಮ್ಮ ಪತ್ರದಲ್ಲೇ ಒಂದು ಸುಳಿವಿತ್ತು: "ಹಾಡುವ ಮೊದಲು ತಂಬೂರಿಯ ಒಂದು ತಂತಿಯನ್ನು ಎಷ್ಟು ಹೊತ್ತು ತಿರುವಿದರೆಂದರೆ, ಏನೋ ಕೆಟ್ಟಿದೆ ಅಂದುಕೊಂಡೆ." ಏನೂ ಕೆಟ್ಟಿರಲಿಲ್ಲ. ತಂಬೂರಿಯ ಮೊದಲ ತಂತಿ ಸಾಮಾನ್ಯವಾಗಿ ಪಂಚಮಕ್ಕೆ, ಅಂದರೆ 'ಪ' ಸ್ವರಕ್ಕೆ ಇರುತ್ತದೆ. ಲಲಿತ್‌ನಲ್ಲಿ ಪಂಚಮವೇ ಇಲ್ಲ. ಹಾಗಾಗಿ ಆ ತಂತಿಯನ್ನು ಮಧ್ಯಮಕ್ಕೆ, ಅಂದರೆ 'ಮ' ಸ್ವರಕ್ಕೆ ಇಳಿಸಬೇಕು. ಮೊದಲು ತಂತಿ ಬಿಗಿಯುವ ಬಿರಡೆ ತಿರುವುತ್ತಾರೆ, ಆಮೇಲೆ ಕೆಳಗಿನ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ತಂತಿಗಳನ್ನು ಹೊರುವ ಪಟ್ಟಿಗೆ ಕುದುರೆ ಅನ್ನುತ್ತಾರೆ. ಅದರ ಮೇಲೆ ತಂತಿಯ ಅಡಿಯಲ್ಲಿ ನೂಲಿನ ಒಂದು ಎಳೆ ಇರುತ್ತದೆ, ಅದನ್ನು ಹಿಂದೆ ಮುಂದೆ ಆಡಿಸುತ್ತಾರೆ. ಆ ಎಳೆ ಸರಿಯಾದ ಜಾಗಕ್ಕೆ ಬಂದಾಗ ತಂತಿ ಬರೀ ಟಿಂಯ್ ಅನ್ನುವುದನ್ನು ಬಿಟ್ಟು ಝೇಂಕರಿಸಲು ಶುರುಮಾಡುತ್ತದೆ. ಕಿರಾಣಾದವರಿಗೆ ಈ ವಿಷಯದಲ್ಲಿ ತಾಳ್ಮೆ ಸ್ವಲ್ಪ ಜಾಸ್ತಿ. ಕರೀಂ ಖಾನರು ವಾದ್ಯ ರಿಪೇರಿಯ ಸಾಮಾನನ್ನು ಜೊತೆಗೇ ಇಟ್ಟುಕೊಂಡು ಓಡಾಡುತ್ತಿದ್ದರಂತೆ.

ಲಲಿತ್‌ನಲ್ಲಿ ಎರಡು ಮಧ್ಯಮ, ಶುದ್ಧ ಮತ್ತು ಅದಕ್ಕಿಂತ ಸ್ವಲ್ಪ ಮೇಲಿನ ತೀವ್ರ, ಒಂದರ ಪಕ್ಕ ಒಂದು ಬರುತ್ತವೆ. ಬೇರೆ ರಾಗಗಳಲ್ಲಿ ಸಾಮಾನ್ಯವಾಗಿ ಎರಡನ್ನೂ ಹೀಗೆ ಒಟ್ಟಿಗೆ ಬಿಡುವುದಿಲ್ಲ. ಸ್ವರ ಒಂದು ಕಡೆ ನಿಲ್ಲಲು ಹೋಗಿ, ನಿಲ್ಲಲಾರದೆ ಪಕ್ಕಕ್ಕೆ ಜಾರುತ್ತದೆ. ಊರಿಕೊಳ್ಳಲು ಪಂಚಮವೂ ಇಲ್ಲ. "ಏನೋ ಹೇಳಲು ಹೋಗಿ ನಿಲ್ಲಿಸಿದ ಹಾಗಿತ್ತು" ಅಂತ ನೀವು ಬರೆದಿದ್ದೀರಿ. ಸಂಗೀತದ ಗಂಧಗಾಳಿ ಇಲ್ಲ ಅನ್ನುವವರು ಇಷ್ಟು ಸರಿಯಾಗಿ ಹೇಳಿದರೆ ನಾವು ವಿಮರ್ಶೆ ಬರೆಯುವವರು ಏನು ಮಾಡಬೇಕು? ಮನೆಯಲ್ಲಿ ಯಾರಾದರೂ ಕರ್ನಾಟಕ ಸಂಗೀತ ಕಲಿತವರಿದ್ದರೆ 'ಲಲಿತ ನಮ್ಮಲ್ಲೂ ಇದೆ' ಅಂದಾರು. ಅದು ಬೇರೆ. ಅದರಲ್ಲೂ ಪಂಚಮ ಇಲ್ಲ, ಆದರೆ ಮಧ್ಯಮ ಒಂದೇ.

ಲಲಿತ್ ರಾತ್ರಿಯ ಕೊನೆಯ ಜಾವದ ರಾಗ. ಬೆಂಗಳೂರಿನಲ್ಲಿ ಹಿಂದೂಸ್ತಾನಿ ಕಛೇರಿ ಸಂಜೆ ಆರಕ್ಕೋ ಆರೂವರೆಗೋ ಶುರುವಾಗಿ ಒಂಬತ್ತಕ್ಕೆಲ್ಲ ಮುಗಿಯಬೇಕು. ಹಾಲ್‌ನವರು ದೀಪ ಆರಿಸಲು ಕಾಯುತ್ತಿರುತ್ತಾರೆ, ಕೇಳುವವರಿಗೆ ಮೆಟ್ರೋ ಚಿಂತೆ. ಅಷ್ಟರೊಳಗೆ ಹಾಡಬಹುದಾದ್ದು ಯಮನ್, ಪೂರಿಯಾ, ಬಾಗೇಶ್ರೀ, ಇಂಥವು. ಒಳ್ಳೆಯವೇ, ಇಲ್ಲ ಅನ್ನುತ್ತಿಲ್ಲ. ಆದರೆ ನಸುಕಿನ ಮೂರು ಗಂಟೆಯ ನಂತರದ ರಾಗಗಳು ಪಟ್ಟಣದ ಕೇಳುಗರಿಗೆ ಎದುರಾಎದುರು ಸಿಗುವುದೇ ಇಲ್ಲ, ರೆಕಾರ್ಡಿನಲ್ಲಿ ಮಾತ್ರ. ಅದನ್ನೂ ಮಧ್ಯಾಹ್ನ ಊಟದ ಹೊತ್ತಿಗೆ ಹಾಕಿಕೊಂಡು ಕೇಳುತ್ತೇವೆ.

ಇದರಲ್ಲಿ ಕಾನೂನಿನ ಪಾಲೂ ಇದೆ. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ ಕೆಲವೇ ದಿನ ಮಧ್ಯರಾತ್ರಿವರೆಗೆ ವಿನಾಯ್ತಿ ಸಿಗಬಹುದು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಭೀಮಸೇನ ಜೋಶಿ ಮತ್ತು ಗೆಳೆಯರು ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವ ಶುರು ಮಾಡಿದರು. ಸಾವಿರಾರು ಜನ ಚಾಪೆ, ರಗ್ಗು ಹೊತ್ತುಕೊಂಡು ಬಂದು ರಾತ್ರಿಯಿಡೀ ಕೇಳುತ್ತಿದ್ದರು. ಈ ನಿಯಮ ಬಂದ ಮೇಲೆ ಅದೂ ಸಂಜೆಯ ಉತ್ಸವ ಆಯಿತು. ನಿದ್ದೆ ಬೇಕಾದವರ ಕಷ್ಟವೂ ಕಷ್ಟವೇ. ನನ್ನ ಮನೆ ಎದುರೇ ಕಲ್ಯಾಣಮಂಟಪ ಇದೆ, ನಿಯಮ ಬೇಡ ಅನ್ನುವ ಧೈರ್ಯ ನನಗಿಲ್ಲ. ಆದರೆ ಡಿಜೆಗೂ ತಂಬೂರಿಗೂ ಒಂದೇ ಗಡಿಯಾರ ಹಿಡಿದಾಗ ಪೆಟ್ಟು ಬಿದ್ದದ್ದು ಲಲಿತ್, ಜೋಗಿಯಾದಂಥ ರಾಗಗಳಿಗೆ.

ಈಗ ಅಜ್ಜನ 'ಭಲೇ'. ಅವರಿಗೆ ಗೊತ್ತಾಗಿ ನಿಮಗೆ ಗೊತ್ತಾಗದ ಜಾಗ ಬಹುಶಃ ಸಮ್, ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟು. ವಿಲಂಬಿತ್ ಏಕತಾಲ ಅನ್ನುವ ನಿಧಾನದ ತಾಳದಲ್ಲಿ 12 ಮಾತ್ರೆ, ಅಂದರೆ 12 ಎಣಿಕೆ. ಕಿರಾಣಾದವರು ಹಾಡುವಷ್ಟು ನಿಧಾನದಲ್ಲಿ ಒಂದು ಸುತ್ತು ಮುಗಿಯಲು ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಗಾಯಕಿ ಆ ನಿಮಿಷದಲ್ಲಿ ಎಲ್ಲೆಲ್ಲೋ ಅಲೆದು, ಸುತ್ತು ಮುಗಿಯುವ ಹೊತ್ತಿಗೆ ಹಾಡಿನ ಮೊದಲ ತುಣುಕನ್ನು ಹಿಡಿದು ತಬಲಾದವರ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ಇಳಿಯಬೇಕು. ಆ ತುಣುಕಿಗೆ ಮುಖಡಾ ಅನ್ನುತ್ತಾರೆ. ಮುಂದಿನ ಸಲ ಬೇರೆ ಏನೂ ಮಾಡಬೇಡಿ. ಮತ್ತೆ ಮತ್ತೆ ಬರುವ ಆ ತುಣುಕನ್ನು ಮಾತ್ರ ಗುರುತಿಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ನಿಮ್ಮ ತಲೆಯೂ ಅಜ್ಜನ ಜೊತೆಗೇ ತೂಗುತ್ತದೆ.

ಆ ಅಜ್ಜ ಎಲ್ಲಿ ಕಲಿತರು ಅಂತ ಕೇಳಬಹುದು. ಆ ಭಾಗದಲ್ಲಿ ಕಿವಿ ತಯಾರಾಗುವ ಜಾಗಗಳು ಬಹಳ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅವುಗಳಲ್ಲಿ ದೊಡ್ಡದು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಅಂಧರೇ ಆದ ಪುಟ್ಟರಾಜ ಗವಾಯಿಗಳು ಅಂಧ ಹುಡುಗರಿಗೆ, ಬಡ ಹುಡುಗರಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಹಿಂದೂಸ್ತಾನಿಯೂ ಇತ್ತು, ಕರ್ನಾಟಕಿಯೂ ಇತ್ತು. ಆಶ್ರಮಕ್ಕೆ ತನ್ನದೇ ನಾಟಕ ಕಂಪನಿ ಬೇರೆ. ಅಲ್ಲಿ ಕಲಿತವರು ಶಾಲೆಯ ಸಂಗೀತ ಮೇಷ್ಟ್ರಾಗಿ, ಮಠದ ಪುರಾಣಕ್ಕೆ ಪೇಟಿ ನುಡಿಸುವವರಾಗಿ, ಭಜನೆಗೆ ತಬಲಾದವರಾಗಿ ಊರೂರಿಗೆ ಹೋದರು. ಪೇಟಿ ಅಂದರೆ ಹಾರ್ಮೋನಿಯಂ. ಶ್ರಾವಣದಲ್ಲಿ ತಿಂಗಳುಗಟ್ಟಲೆ ಪುರಾಣ ಕೇಳುವ ಊರಿನಲ್ಲಿ ಭೈರವಿ ಯಾವುದು, ಮಾಲಕಂಸ ಯಾವುದು ಅನ್ನುವುದು ಹೆಸರು ಗೊತ್ತಿಲ್ಲದಿದ್ದರೂ ಕಿವಿಗೆ ಗೊತ್ತಿರುತ್ತದೆ. ಅದೇ ಜನ ನಡುವೆ ಎದ್ದು ಹೋಗಿ ಗಿರ್ಮಿಟ್ಟು, ಮಿರ್ಚಿ ತಿಂದು ಬರುತ್ತಾರೆ, ಮಕ್ಕಳನ್ನು ಜಮಖಾನೆಯ ಮೇಲೇ ಮಲಗಿಸುತ್ತಾರೆ. ನಿಮಗದು ಅಶಿಸ್ತು ಅನ್ನಿಸಿತಂತೆ. ರಾತ್ರಿಯಿಡೀ ಕೂರುವವರು ಹಾಗೆಯೇ ಕೂರುವುದು, ಮತ್ತೆ ಹೇಗೆ?

ಬೆಂಗಳೂರಿನ ವೇದಿಕೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಆ ಗಾಯಕಿಗೆ ಬೇರೆ ಕಡೆ ಕಛೇರಿಗಳು ಸಿಗಲಿ, ಒಳ್ಳೆ ಸಂಭಾವನೆಯೂ ಸಿಗಲಿ. ಅದು ಬೇರೆ ವಿಷಯ. ಆದರೆ ಅವರು ಕುಂದಗೋಳದಲ್ಲಿ ಹಾಡಿದ್ದು ದೊಡ್ಡ ವೇದಿಕೆ ಸಿಗದೆ ಅಲ್ಲ. ಸವಾಯಿ ಗಂಧರ್ವರು ಇದ್ದ ಊರಿನಲ್ಲಿ, ಗಂಗೂಬಾಯಿ ಹಾಡಿದ ಜಾಗದಲ್ಲಿ ಕೂತು ಹಾಡುವುದು ಆ ಪರಂಪರೆಯವರಿಗೆ ಸೇವೆ. ಮತ್ತೆ, ಇಲ್ಲಿಗೆ ಕರೆಸಿ ಸಂಜೆ ಏಳಕ್ಕೆ ಹಾಡಿ ಅಂದರೆ ನಿಮಗೆ ಬೇಕಾದ ಲಲಿತ್ ಸಿಗುವುದಿಲ್ಲವಲ್ಲ! ನೀವೇ ಹೋಗುವುದು ಸುಲಭ. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್. ಹನ್ನೆರಡಕ್ಕೆ ಎದ್ದು ಹೊರಡುವ ಯೋಚನೆ ಇಟ್ಟುಕೊಂಡು ಮಾತ್ರ ಹೋಗಬೇಡಿ. ಸಂಜೆ ಒಂದು ನಿದ್ದೆ ತೆಗೆದು ಹೋಗಿ. ಕಂಬದ ಪಕ್ಕ ಜಾಗ ಹಿಡಿಯಿರಿ, ಬೆನ್ನಿಗೆ ಆಸರೆ ಆಗುತ್ತದೆ. ಕರ್ನಾಟಕ ಸಂಗೀತವೂ ಆಗಬಹುದು ಅನ್ನುವುದಾದರೆ ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ರುದ್ರಪಟ್ಟಣ ಇದೆ. ಆರ್.ಕೆ. ಶ್ರೀಕಂಠನ್ ಅವರಂಥವರ ಊರು. ಅಲ್ಲಿಯೂ ಸಂಗೀತೋತ್ಸವ ನಡೆಯುತ್ತದೆ.

ರೆಕಾರ್ಡಿಂಗ್ ಹಂಚುವ ಮಾತು. ಗಾಯಕಿಯನ್ನು ಕೇಳದೆ ಬೇಡ. ನಸುಕಿನ ದನಿ, ದಣಿದ ಗಂಟಲು, ಫೋನಿನ ಮೈಕು. ತಾನು ಹೀಗೆ ಕೇಳಿಸಬೇಕೋ ಬೇಡವೋ ಅನ್ನುವುದನ್ನು ಅವರೇ ಹೇಳಬೇಕು. ಹಿಂದೆ ಕೂತು ತಂಬೂರಿ ಹಿಡಿದ ಹುಡುಗಿ, ತಬಲಾ, ಪೇಟಿಯವರನ್ನೂ ಕೇಳಬೇಕಾಗುತ್ತದೆ. ನಿಮ್ಮ ಗೆಳೆಯ ಅದೇ ಊರಿನವರು, ಉತ್ಸವ ನಡೆಸುವವರನ್ನು ವಿಚಾರಿಸಿದರೆ ಅವರ ನಂಬರ್ ಸಿಗುತ್ತದೆ. ಒಪ್ಪಿದರೆ ನಮಗೂ ತಿಳಿಸಿ. ನನ್ನ ಬಳಿ ಇರುವ ಪ್ರತಿಯನ್ನು ಅಲ್ಲಿಯವರೆಗೆ ಯಾರಿಗೂ ಕಳಿಸುವುದಿಲ್ಲ.

— ಸಂಪಾದಕ