‘ಸರ್ರನೆ ಹರಿಯಿತು’ ಎಂದರೆ ಸಾಲದು

ನಿಮ್ಮ ಕಥೆ ‘ತುಂಗೆ’ ತಲುಪಿತು. ಬಾಹ್ಯಾಕಾಶದ ಯುದ್ಧನೌಕೆಗಳನ್ನು ಹಿನ್ನೆಲೆಗೆ ಸರಿಸಿ, ಅವುಗಳಿಗೆ ಇಂಧನ ಹೊತ್ತು ತರುವ ಟ್ಯಾಂಕರ್ ನೌಕೆಯ ಸಿಬ್ಬಂದಿಯ ಬಗ್ಗೆ ಬರೆದಿದ್ದೀರಿ. ಮಾತುಕತೆಗಳು ಚೆನ್ನಾಗಿವೆ. ಇಷ್ಟಪಟ್ಟು ಓದುತ್ತಿದ್ದುದಕ್ಕೇ ಹನ್ನೊಂದನೇ ಪುಟದಲ್ಲಿ ನನಗೆ ಸಿಟ್ಟು ಬಂತು.

ಆ ಸಾಲುಗಳು ಇವು: ‘ಶಂಕರ ಪೈಪು ಜೋಡಿಸಿದ. ವಾಲ್ವ್ ತಿರುಗಿಸಿದ. ದ್ರವ ಆಮ್ಲಜನಕ ಸರ್ರನೆ ಹರಿಯಿತು. ಐದೇ ನಿಮಿಷದಲ್ಲಿ ಟ್ಯಾಂಕು ತುಂಬಿತು.’ ಶಂಕರನ ಜೀವಮಾನದ ಕಸುಬನ್ನು ಪೆಟ್ರೋಲ್ ಬಂಕಿನಲ್ಲಿ ಸ್ಕೂಟರಿಗೆ ಎಣ್ಣೆ ಹಾಕಿಸಿದ ಹಾಗೆ ಮುಗಿಸಿಬಿಟ್ಟಿದ್ದೀರಿ.

‘ಜೋಡಿಸಿದ.’ 2025ರ ಜನವರಿ 16ರಂದು ಇಸ್ರೊ ತನ್ನ ಸ್ಪೇಡೆಕ್ಸ್ ಉಪಗ್ರಹಗಳೆರಡನ್ನು ಬಾಹ್ಯಾಕಾಶದಲ್ಲಿ ಜೋಡಿಸಿತಲ್ಲ, ಅವು ಒಂದೊಂದೂ ಸುಮಾರು 220 ಕೆ.ಜಿ. ಅಷ್ಟಕ್ಕೇ 15 ಮೀಟರ್ ಅಂತರದಲ್ಲಿ ತಡೆದು, 3 ಮೀಟರಿನಲ್ಲಿ ಮತ್ತೆ ತಡೆದು ಮುಂದೆ ಬಿಟ್ಟರು. ನಿಮ್ಮವು ಸಾವಿರಾರು ಟನ್ನಿನ ನೌಕೆಗಳು. ಕೂಡಿಕೊಂಡ ಮೇಲೂ ಪೈಪಿಗೆ ಹೀಲಿಯಂ ತುಂಬಿ, ಎರಡೂ ತುದಿ ಮುಚ್ಚಿ, ಒತ್ತಡ ಇಳಿಯುತ್ತದೆಯೇ ಎಂದು ನೋಡಬೇಕು. ತಾಪಮಾನ ಬದಲಾಗದೆಯೂ ಇಳಿದರೆ ಸೋರಿಕೆ ಇದೆ ಎಂದೇ ಅರ್ಥ.

‘ಸರ್ರನೆ ಹರಿಯಿತು.’ ಯಾವುದರ ಬಲದಿಂದ? ತೂಕವಿಲ್ಲದ ಕಡೆ ದ್ರವ ತಳದಲ್ಲಿ ನಿಲ್ಲುವುದಿಲ್ಲ, ಅನಿಲದ ಜೊತೆ ಬೆರೆತು ತೇಲುತ್ತದೆ. ಪಂಪು ಅನಿಲವನ್ನೇ ಎಳೆದುಕೊಂಡು ಕೆಡುತ್ತದೆ. ಕೂಡಿಕೊಂಡ ನೌಕೆಗಳು ನೌಕೆಯನ್ನು ತಳ್ಳುವ ಸಣ್ಣ ಥ್ರಸ್ಟರುಗಳನ್ನು ಒಂದೇ ಸಮ ಉರಿಸುತ್ತಿದ್ದರೆ ದ್ರವ ಒಂದು ತುದಿಗೆ ಬಂದು ನಿಲ್ಲುತ್ತದೆ. 1978ರಲ್ಲಿ ಸೋವಿಯತ್ ಒಕ್ಕೂಟದ ಸರಕು ನೌಕೆ ಪ್ರೋಗ್ರೆಸ್ 1, ಸಲ್ಯೂತ್ 6 ಬಾಹ್ಯಾಕಾಶ ನಿಲ್ದಾಣಕ್ಕೆ ಇಂಧನ ತುಂಬಿದ್ದು ಬೇರೆ ದಾರಿಯಲ್ಲಿ. ನಿಲ್ದಾಣದ ಟ್ಯಾಂಕಿನೊಳಗೆ ತಿದಿಯಂತೆ ಮಡಚಿ ಬಿಚ್ಚಿಕೊಳ್ಳುವ ಗೋಡೆ. ಅದರ ಒಂದು ಬದಿಗೆ ಸಾರಜನಕ, ಇನ್ನೊಂದು ಬದಿಗೆ ಇಂಧನ. ನಿಲ್ದಾಣದ ಕಂಪ್ರೆಸರ್ ಮೊದಲು ಸಾರಜನಕವನ್ನು ಸಿಲಿಂಡರಿಗೆ ವಾಪಸು ಎಳೆದು ಒತ್ತಡ ತಗ್ಗಿಸಿದ ಮೇಲೆಯೇ ಇಂಧನ ಒಳಗೆ ಬಂತು.

ಆದರೆ ನೀವು ಆರಿಸಿಕೊಂಡದ್ದು ಇಂಧನವನ್ನು ಉರಿಸಲು ಬೇಕಾದ ದ್ರವ ಆಮ್ಲಜನಕ, ಮೈನಸ್ 183 ಡಿಗ್ರಿಯಲ್ಲೇ ಕುದಿಯುವಂಥದ್ದು. ಬೆಚ್ಚಗಿನ ಪೈಪಿಗೆ ಬಿಟ್ಟರೆ ಅಲ್ಲೇ ಆವಿಯಾಗಿ ಒತ್ತಡ ಏರುತ್ತದೆ. ಮೊದಲು ಚೂರುಚೂರೇ ಬಿಟ್ಟು ಪೈಪನ್ನೂ, ತುಂಬಬೇಕಾದ ಟ್ಯಾಂಕನ್ನೂ ತಣ್ಣಗಾಗಿಸಬೇಕು, ಆವಿಯನ್ನು ಹೊರಬಿಡುತ್ತಿರಬೇಕು. ಒಂದೇ ಬದಿಯಿಂದ ಬಿಟ್ಟರೆ ಅದೇ ಥ್ರಸ್ಟರಿನಂತೆ ತಳ್ಳಿ ನೌಕೆಗಳನ್ನು ತಿರುಗಿಸಿಬಿಡುತ್ತದೆ. ಅದಕ್ಕೇ ಎದುರುಬದುರು ಎರಡು ಕಿಂಡಿಗಳು ಬೇಕು. ಐದು ನಿಮಿಷವಂತೆ! ತಣ್ಣಗಾಗಿಸುವುದೇ ಅದಕ್ಕಿಂತ ಎಷ್ಟೋ ಹೆಚ್ಚಿನ ಹೊತ್ತಿನ ಕೆಲಸ, ಶಂಕರನ ಕಸುಬುದಾರಿಕೆ ಕಾಣುವುದೂ ಆ ಹೊತ್ತಿನಲ್ಲೇ.

ನಾನು ಉಪಸಂಪಾದಕನಾಗಿ ಸೇರಿದಾಗ ನಮ್ಮ ಹಿರಿಯರು ಪ್ರತಿ ಕ್ರಿಯಾಪದದ ಎದುರಿಗೂ ‘ಯಾರು? ಯಾವುದರಿಂದ?’ ಎಂದು ಪೆನ್ಸಿಲಿನಲ್ಲಿ ಬರೆಸುತ್ತಿದ್ದರು. ‘ತುಂಬಿತು’ ಎಂಬ ನಿಮ್ಮ ಪದಕ್ಕೂ ಅದನ್ನೇ ಕೇಳುತ್ತೇನೆ. ತುಂಬಿತೆಂದು ಶಂಕರನಿಗೆ ಗೊತ್ತಾದದ್ದು ಹೇಗೆ? ತೇಲುಗುಂಡಿನ ಮಾಪಕ ಅಲ್ಲಿ ನಡೆಯುವುದಿಲ್ಲ. ಹರಿದದ್ದನ್ನು ಮೀಟರಿನಲ್ಲಿ ಕೂಡುತ್ತಾ ಬರಬೇಕು. ಇಲ್ಲವೇ ಅಳತೆ ಗೊತ್ತಿರುವಷ್ಟು ಹೀಲಿಯಂ ಒಳಗೆ ಬಿಟ್ಟು, ಒತ್ತಡ ಎಷ್ಟು ಏರಿತೆಂಬುದರಿಂದ ಉಳಿದ ಜಾಗ ಲೆಕ್ಕ ಹಾಕಬೇಕು.

ಇನ್ನು ಶತ್ರುದಾಳಿ. ‘ಶಂಕರ ಎರಡೂ ಕೈಯಿಂದ ಪೈಪನ್ನು ಕಿತ್ತೆಸೆದ.’ ಇದನ್ನು ತೆಗೆದುಹಾಕಿ. ಕಡಲಿನಲ್ಲಿ ಐಎನ್‌ಎಸ್ ದೀಪಕ್‌ನಂಥ ಟ್ಯಾಂಕರುಗಳು ಇಂಧನ ಕೊಡುವಾಗ ದಿಕ್ಕು, ವೇಗ ಬದಲಿಸದೆ ಸಾಗುತ್ತವೆ. ಪಡೆಯುವ ಹಡಗೇ ಪಕ್ಕದಲ್ಲಿ ಅಂತರ ಕಾಯ್ದುಕೊಳ್ಳುತ್ತದೆ. ಅಪಾಯ ಬಂದರೆ ಬಿಡಿಸಿಕೊಳ್ಳುವುದಕ್ಕೂ ಅಭ್ಯಾಸ ಮಾಡಿದ ಕ್ರಮವಿದೆ: ಪಂಪು ನಿಲ್ಲಬೇಕು, ವಾಲ್ವ್ ಮುಚ್ಚಬೇಕು, ಹೋಸು ಕಳಚಬೇಕು, ಹಗ್ಗ ಬಿಡಬೇಕು, ಆಮೇಲಷ್ಟೇ ದೂರ ಸರಿಯುವುದು. ‘ತುಂಗೆ’ಯಲ್ಲಿ ಇನ್ನೊಂದು ಗಂಡಾಂತರವೂ ಉಂಟು. ಗಾಬರಿಯಲ್ಲಿ ಎರಡೂ ವಾಲ್ವ್ ಮುಚ್ಚಿದರೆ ನಡುವೆ ಸಿಕ್ಕಿಕೊಂಡ ಆಮ್ಲಜನಕ ಬಿಸಿಯಾಗಿ ಪೈಪನ್ನು ಸೀಳಬಹುದು. ಒತ್ತಡ ಮಿತಿಮೀರಿದರೆ ತಾನೇ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಇದೆಯೇ? ಅದಕ್ಕೆ ಹಿಮ ಕಟ್ಟಿದೆಯೇ? ನಿಮ್ಮ ದಾಳಿಯ ದೃಶ್ಯಕ್ಕೆ ಬೇಕಾದ ಉಸಿರುಗಟ್ಟುವಿಕೆ ಈ ಒಂದು ವಾಲ್ವಿನಲ್ಲೇ ಇದೆ, ಫಿರಂಗಿ ಬೇಡ.

11 ಮತ್ತು 12ನೇ ಪುಟಗಳನ್ನು ಮಾತ್ರ ಆರು ಪುಟಕ್ಕೆ ಬೆಳೆಸಿ ಕಳಿಸಿ. ಉಳಿದದ್ದನ್ನು ಮುಟ್ಟಬೇಡಿ. ಬಂದ ವಾರವೇ ಓದುತ್ತೇನೆ.