ತೆಗೆದ ಮಣ್ಣು ಎಲ್ಲಿ ಹೋಯಿತು?

ಅಂಡಮಾನಿನ ಪೋರ್ಟ್ ಬ್ಲೇರ್ (2024ರಿಂದ ಅಧಿಕೃತವಾಗಿ ಶ್ರೀ ವಿಜಯ ಪುರಂ) ಸುತ್ತ ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಬಿಟ್ಟುಹೋದ ಬಂಕರುಗಳ ಒಳಗೆ ಹೋಗಲು ಬಿಡುತ್ತಾರೆಯೇ, ಅವುಗಳನ್ನು ಜೋಡಿಸುವ ಸುರಂಗಗಳಿವೆ ಎನ್ನುವುದು ನಿಜವೇ, ನಾಲ್ವರು ಗೆಳೆಯರು ಟಾರ್ಚ್ ಹಿಡಿದು ಹೋದರೆ ಏನು ನೋಡಬಹುದು ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಸುಲಭ: ಕೆಲವಕ್ಕೆ ಬಿಡುತ್ತಾರೆ, ಹಲವಕ್ಕೆ ಬಿಡುವುದಿಲ್ಲ. ಎರಡನೆಯದಕ್ಕೆ ಉತ್ತರಿಸಬೇಕಾದರೆ ನಾನು ಬೀದರಿನಿಂದಲೇ ಹೊರಡಬೇಕು. ಸ್ವಲ್ಪ ತಾಳಿಕೊಳ್ಳಿ.

ನಮ್ಮ ಕಡೆ ಸುರಂಗದ ಕಥೆ ಇಲ್ಲದ ಕೋಟೆಯೇ ಇಲ್ಲ. ಬೀದರ ಕೋಟೆಯ ಸುರಂಗ ಬಸವಕಲ್ಯಾಣಕ್ಕೆ ಹೋಗುತ್ತದೆ ಎನ್ನುವುದನ್ನು ಕೇಳುತ್ತಲೇ ನಾನು ಬೆಳೆದೆ. ಕಲಬುರಗಿಗೆ ಹೋದರೆ ಅಲ್ಲಿಯ ನೆಂಟರು ತಮ್ಮ ಕೋಟೆಯ ಸುರಂಗವನ್ನು ಬೀದರಿಗೇ ತಂದು ಬಿಡುತ್ತಿದ್ದರು. ಎಲ್ಲ ಕಥೆಯಲ್ಲೂ ಕುದುರೆ ಏರಿ ಒಳಗೆ ಹೋದ ಒಬ್ಬ ಸವಾರ ಇರುತ್ತಿದ್ದ, ಯಾವ ಕಥೆಯಲ್ಲೂ ಅವನು ಹೊರಗೆ ಬರುತ್ತಿರಲಿಲ್ಲ. ಏಳನೆಯ ತರಗತಿಯಲ್ಲಿದ್ದಾಗ ಮೂರು ಸೆಲ್ಲಿನ ಬ್ಯಾಟರಿ ಕದ್ದುಕೊಂಡು ನಾವು ಮೂವರು ಕೋಟೆಯ ಹಜಾರ್ ಕೋಠ್ರಿಗೆ ಇಳಿದೆವು. ಸಾವಿರ ಕೋಣೆ ಎಂದು ಹೆಸರು, ಇರುವುದು ನೆಲದಡಿಯ ಕೆಲವು ಕತ್ತಲ ಕೋಣೆಗಳು. ಬಾವಲಿಯೊಂದು ಕಿವಿಯ ಪಕ್ಕದಲ್ಲಿ ಹಾದುಹೋದದ್ದೇ ತಡ, ಬ್ಯಾಟರಿ ಅಲ್ಲೇ ಬಿಟ್ಟು ಮೇಲೆ ಓಡಿಬಂದೆವು. ಅಲ್ಲಿಂದ ಹೊರಡುವ ದಾರಿ ಬಸವಕಲ್ಯಾಣಕ್ಕಲ್ಲ, ಆಪತ್ತಿನಲ್ಲಿ ತಪ್ಪಿಸಿಕೊಳ್ಳಲೆಂದು ಕೋಟೆಯ ಕಂದಕದ ಕಡೆಗೆ ಬಿಟ್ಟದ್ದು ಎಂದು ತಿಳಿದದ್ದು ದೊಡ್ಡವನಾದ ಮೇಲೆ. ಬ್ಯಾಟರಿಗಾಗಿ ತಿಂದ ಏಟು ಮಾತ್ರ ಅಂದೇ ತಿಳಿಯಿತು.

ನನ್ನನ್ನು ಈ ಕಥೆಗಳಿಂದ ಬಿಡಿಸಿದವರು ಅಕ್ಕನ ಗಂಡ. ಮಾವ ಎಂದೇ ಕರೆಯುತ್ತೇನೆ. ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದವರು, ಓದಿದ್ದು ನಾಲ್ಕನೆಯ ತರಗತಿ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ, ನಾವು ಸುರಂಗ ಬಾವಿ ಎನ್ನುತ್ತೇವೆ. ಮೇಲೆ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ಕರಿ ಕಲ್ಲು. ಮಳೆನೀರು ಜಂಬಿಟ್ಟಿಗೆಯಲ್ಲಿ ಇಂಗಿ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನು ಇಳಿಜಾರಿನಲ್ಲಿ ತಾನಾಗಿಯೇ ಹರಿಸಲು ನೆಲದಡಿ ಎರಡು ಕಿಲೋಮೀಟರಿಗಿಂತಲೂ ಉದ್ದದ ಕಾಲುವೆ ಕೊರೆದಿದ್ದಾರೆ. ಮೇಲಿನಿಂದ ನೋಡಿದರೆ ಸಾಲಾಗಿ ಬಾವಿಗಳಂತಹ ಬಾಯಿಗಳು ಕಾಣುತ್ತವೆ. ಅಗೆಯುವಾಗ ಮಣ್ಣು ಮೇಲೆ ಬಂದದ್ದು ಆ ಬಾಯಿಗಳಿಂದ, ಗಾಳಿ ಬೆಳಕು ಒಳಗೆ ಹೋದದ್ದೂ ಅಲ್ಲಿಂದಲೇ. ಅದನ್ನು ತೋರಿಸುತ್ತಾ ಮಾವ ಹೇಳಿದರು: “ತಮ್ಮಾ, ಯಾರಾದರೂ ಸುರಂಗ ಇದೆ ಎಂದರೆ ಮೂರು ಮಾತು ಕೇಳು. ತೆಗೆದ ಮಣ್ಣು ಎಲ್ಲಿ ಹಾಕಿದರು? ಅಗೆಯುವವನು ಎಲ್ಲಿಂದ ಉಸಿರಾಡಿದ? ಬಸಿದ ನೀರು ಎಲ್ಲಿ ಹೋಯಿತು?” ಎರಡು ಕಿಲೋಮೀಟರಿಗೇ ಅಷ್ಟೊಂದು ಬಾಯಿ ಬೇಕಾದರೆ, ಬೀದರಿನಿಂದ ಬಸವಕಲ್ಯಾಣದವರೆಗೆ ಎಷ್ಟು ಬೇಕಾಗಿತ್ತು ಎಂದು ನೀವೇ ಲೆಕ್ಕ ಹಾಕಿ. ಹೊಲಗಳೇ ಉಳಿಯುತ್ತಿರಲಿಲ್ಲ.

ಇನ್ನು ಅಂಡಮಾನ್. ನಾನು ಕೇಂದ್ರ ಸರ್ಕಾರದ ನೌಕರ. 2019ರ ಜನವರಿಯಲ್ಲಿ ಎಲ್‌ಟಿಸಿ, ಅಂದರೆ ನೌಕರರಿಗೆ ಸಿಗುವ ರಜೆ ಪ್ರವಾಸದ ಭತ್ಯೆ, ಪಡೆದು ಸಂಸಾರ ಸಮೇತ ಹೋದೆ. ಮಾವ ತಮ್ಮ ಖರ್ಚಿನಲ್ಲಿ ಬಂದರು, ಅದನ್ನು ದಾರಿಯುದ್ದಕ್ಕೂ ನೆನಪಿಸಿದರು. ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂದು ಹೆಸರಿಟ್ಟು ಒಂದು ತಿಂಗಳೂ ಆಗಿರಲಿಲ್ಲ. ದೋಣಿಯವನಿಗೆ ಇನ್ನೂ ಅದು ರಾಸ್ ದ್ವೀಪವೇ. ಇಳಿದೊಡನೆ ಜಟ್ಟಿಯ ಬಳಿಯೇ ಜಪಾನಿ ಬಂಕರು ಎದುರಾಗುತ್ತದೆ. ಉಳಿದವರೆಲ್ಲ ಜಿಂಕೆ, ನವಿಲುಗಳ ಕಡೆ ಹೋದರು. ಬೇರುಗಳು ಗೋಡೆ ತಬ್ಬಿಕೊಂಡ ಬ್ರಿಟಿಷರ ಚರ್ಚು, ಬೇಕರಿಗಳ ಫೋಟೊ ತೆಗೆದರು. ಮಾವ ಬಂಕರಿನ ಮುಂದೆ ಕುಳಿತರು.

ಅವರು ಮೊದಲು ಮಾಡಿದ್ದು ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡಿದ್ದು. ಗಿಲಾವು ಮಾಡಿಲ್ಲ, ಸೆಂಟ್ರಿಂಗ್ ಹಲಗೆಯ ಗೆರೆಗಳು ಹಾಗೆಯೇ ಇವೆ, ಅವಸರದ ಕೆಲಸ ಎಂದರು. ಕಾಂಕ್ರೀಟು ಸೀಳಿದ ಕಡೆ ಬೆರಳಿಟ್ಟು ತೋರಿಸಿದರು: ಒಳಗಿನ ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿದಿದೆ, ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಊದಿದ್ದು ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಇಂತಹ ಛಾವಣಿಯ ಕೆಳಗೆ ನಿಲ್ಲಬೇಡ ಎಂದು ನನ್ನನ್ನು ಪಕ್ಕಕ್ಕೆ ಎಳೆದರು. ಬ್ರಿಟಿಷರ ಕಟ್ಟಡಗಳನ್ನು ಕೆಡವಿ ಆ ಸಾಮಾನನ್ನೇ ಬಂಕರುಗಳಿಗೆ ಬಳಸಿದರು ಎಂದು ಅಲ್ಲಿಯವರು ಹೇಳುತ್ತಾರೆ. ಮಾವನಿಗೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ನಮ್ಮ ಹಳ್ಳಿಯ ಹುಡೇವಿನ (ಕಾವಲು ಬುರುಜಿನ) ಕಲ್ಲುಗಳು ಎಷ್ಟು ಮನೆಗಳ ಕಟ್ಟೆಯಲ್ಲಿವೆ ಎಂದು ಅವರಿಗೆ ಗೊತ್ತು.

ಮರಳುವಾಗ ದೋಣಿಯವನೇ ಮಾತು ತೆಗೆದ. ರಾಸ್‌ನಿಂದ ಪೋರ್ಟ್ ಬ್ಲೇರಿಗೆ ಸಮುದ್ರದ ಅಡಿಯಲ್ಲಿ ಸುರಂಗ ಇದೆಯಂತೆ. ಮಾವ ನನ್ನ ಮುಖ ನೋಡಿದರು. ಹರಕುಮುರುಕು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: “ಮಣ್ಣು ಎಲ್ಲಿದೆ?” ದೋಣಿಯವನು ನಕ್ಕು ಎಂಜಿನ್ನಿನ ಸದ್ದು ಜೋರು ಮಾಡಿದ. ನಿಮಗೂ ಈ ಕಥೆಯನ್ನು ಯಾರಾದರೂ ಹೇಳಿಯಾರು, ಕೇಳಿ ಆನಂದಿಸಿ. ಆದರೆ ಅದನ್ನು ಹುಡುಕಿಕೊಂಡು ಕಾಡಿಗೆ ನುಗ್ಗಬೇಡಿ. ನಾವು ಅಲ್ಲಿ ನೋಡಿದವೆಲ್ಲ ಚಿಕ್ಕ ಕಾಂಕ್ರೀಟ್ ಗೂಡುಗಳು. ಕೆಲವರು ಒತ್ತಿಕೊಂಡು ಕೂರುವಷ್ಟು ಜಾಗ, ಸಮುದ್ರದ ಕಡೆಗೆ ಒಂದು ಸೀಳುಕಿಂಡಿ, ಅಷ್ಟೇ.

ಆ ಕಿಂಡಿಯ ಬಗ್ಗೆ ಎರಡು ಮಾತು ಹೇಳಬೇಕು. ಬಂಕರಿನ ಒಳಗೆ ಹೋಗಲು ಬಿಟ್ಟರೆ ರೀಲ್ಸ್ ಮಾಡುವ ಮೊದಲು ಆ ಕಿಂಡಿಗೆ ಕಣ್ಣಿಟ್ಟು ನೋಡಿ. ಇಲ್ಲಿ ಕೂತವನಿಗೆ ಯಾರ ಭಯವಿತ್ತು ಎಂಬುದು ಗೊತ್ತಾಗುತ್ತದೆ. ಜಪಾನೀಯರು 1942ರ ಮಾರ್ಚ್ 23ರಂದು ಪೋರ್ಟ್ ಬ್ಲೇರಿಗೆ ಬಂದಿಳಿದಾಗ ಬ್ರಿಟಿಷರಲ್ಲಿ ಹೆಚ್ಚಿನವರು ಅದಾಗಲೇ ಜಾಗ ಖಾಲಿ ಮಾಡಿದ್ದರು, ಕಾದಾಟವೇ ಆಗಲಿಲ್ಲ. ಬ್ರಿಟಿಷರು ಸಮುದ್ರದಿಂದ ಮರಳಿ ಬಂದೇ ಬರುತ್ತಾರೆ ಎಂದು ಮೂರೂವರೆ ವರ್ಷ ಈ ಗೂಡುಗಳಲ್ಲಿ ಕಾದರು. ಹಡಗು, ವಿಮಾನಗಳ ದಾಳಿ ನಡೆದದ್ದುಂಟು, ಆದರೆ ದಡಕ್ಕೆ ಸೈನ್ಯ ಇಳಿಯಲಿಲ್ಲ. ಬ್ರಿಟಿಷರ ಸೈನ್ಯ ಬಂದದ್ದು ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರಿನಲ್ಲಿ, ಶರಣಾಗತಿ ಬರೆಸಿಕೊಳ್ಳಲು. ನಡುವೆ, 1943ರಲ್ಲಿ, ಮೇಜರ್ ಮೆಕಾರ್ಥಿಯ ಸಣ್ಣ ಗುಪ್ತಚರ ತಂಡವೊಂದು ಜಲಾಂತರ್ಗಾಮಿಯಲ್ಲಿ ಬಂದು ಕಾಡಿನ ದಾರಿ ಹಿಡಿದಿತ್ತು. ಬಂಕರಿನ ಕಿಂಡಿಗಳಿಗೆ ಅವರು ಕಾಣಲಿಲ್ಲ.

ಕಂಡದ್ದು ಊರಿನವರು. ಗೂಢಚಾರಿಕೆಯ ಅನುಮಾನದ ಮೇಲೆ ಹಿಡಿದವರನ್ನು ಬ್ರಿಟಿಷರು ಕಟ್ಟಿದ ಸೆಲ್ಯುಲರ್ ಜೈಲಿಗೇ ತುಂಬಿದರು. ದಿವಾನ್ ಸಿಂಗ್ ಕಾಲೇಪಾನಿ ಎಂಬ ವೈದ್ಯ, ಪಂಜಾಬಿ ಕವಿ, ಅಲ್ಲಿಯೇ ಚಿತ್ರಹಿಂಸೆಗೆ ಸಿಕ್ಕಿ 1944ರ ಜನವರಿ 14ರಂದು ತೀರಿಕೊಂಡರು. ಅದಕ್ಕೆ ಹದಿನೈದು ದಿನ ಮೊದಲಷ್ಟೇ, ಡಿಸೆಂಬರ್ 30ರಂದು, ನೇತಾಜಿ ಅದೇ ಊರಿನಲ್ಲಿ ಧ್ವಜ ಹಾರಿಸಿದ್ದರು. ಧ್ವಜಸ್ತಂಭದ ಬಳಿ ಫೋಟೊ ತೆಗೆಸಿಕೊಳ್ಳುವವರು ಬಹಳ, ಈ ಎರಡು ದಿನಾಂಕಗಳನ್ನು ಜೊತೆಗಿಟ್ಟು ನೋಡುವವರು ಕಡಿಮೆ. ಬಂಕರುಗಳ ದಪ್ಪ ಗೋಡೆ ಒಂದು ಕಡೆಗೆ ಮುಖ ಮಾಡಿತ್ತು, ಸಾವು ಇನ್ನೊಂದು ಕಡೆ ನಡೆಯಿತು. ನಮ್ಮ ಬೀದರ ಕೋಟೆಗೂ ಬಂಡೆ ಕೊರೆದ ಮೂರು ಸಾಲಿನ ಕಂದಕ ಇದೆ. 1657ರಲ್ಲಿ ಔರಂಗಜೇಬನ ಮುತ್ತಿಗೆಯ ವೇಳೆ ಒಳಗೆ ಕೂಡಿಟ್ಟ ಮದ್ದೇ ಸಿಡಿದು ಕಿಲ್ಲೇದಾರ ಸಿದ್ದಿ ಮರ್ಜಾನ್ ಸತ್ತ, ಕೋಟೆ ಕೈಬಿಟ್ಟಿತು.

ನೋಡಬೇಕಾದ ಬೇರೆ ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಚಾಥಮ್‌ನ ಮರ ಕೊಯ್ಯುವ ಕಾರ್ಖಾನೆಯ ಆವರಣದಲ್ಲಿ ಬಂಕರೂ ಇದೆ, ಬಾಂಬು ಬಿದ್ದು ಆದ ಹೊಂಡವೂ ಇದೆ. ಕಾರ್ಖಾನೆ 1883ರದ್ದು, ಪೋರ್ಟ್ ಬ್ಲೇರಿಗೆ ಸೇತುವೆಯಿಂದ ಸೇರಿಕೊಂಡಿರುವುದರಿಂದ ದೋಣಿ ಬೇಕಿಲ್ಲ. ಕಾರ್ಬಿನ್ಸ್ ಕೋವ್ ರಸ್ತೆಯ ಬದಿಯಲ್ಲಿ ಸಮುದ್ರ ನೋಡುತ್ತಾ ಕೂತ ಬಂಕರುಗಳನ್ನು ಆಟೊದಿಂದಲೇ ಕಾಣಬಹುದು. ಅಲ್ಲಿ ಮೊಸಳೆಯ ಎಚ್ಚರಿಕೆ ಫಲಕ ಕಂಡರೆ ನೀರಿಗಿಳಿಯಬೇಡಿ. ಫಲಕ ತಮಾಷೆಗೆ ಹಾಕಿದ್ದಲ್ಲ. ನೀವು ಇಳಿಯುವ ವಿಮಾನ ನಿಲ್ದಾಣದ ಜಾಗವೂ ಆ ಯುದ್ಧದ್ದೇ, ಊರಿನವರನ್ನು ಬಲವಂತವಾಗಿ ದುಡಿಸಿ ಜಪಾನೀಯರು ಅಲ್ಲಿ ವಿಮಾನ ಪಟ್ಟಿ ಮಾಡಿಸಿದರು. ನಮ್ಮ ಕಡೆಯಿಂದ ಹೋಗುವವರು ಜಹೀರಾಬಾದ್ ಮೇಲೆ ಹೈದರಾಬಾದಿಗೆ ಹೋಗಿ ವಿಮಾನ ಹತ್ತುವುದು ಅನುಕೂಲ. ಡಿಸೆಂಬರಿನಿಂದ ಏಪ್ರಿಲ್ ಒಳಗೆ ಹೋಗಿ, ಮೇ ತಿಂಗಳಿನಿಂದ ಮಳೆ.

ಟಾರ್ಚ್ ಹಿಡಿದು ನುಗ್ಗುವ ನಿಮ್ಮ ಆಲೋಚನೆ ನನಗೆ ಚಿಂತೆ ತಂದಿದೆ. ನೌಕಾಪಡೆಯ ಜಾಗಗಳು ಅಲ್ಲಿ ಬಹಳ. ಬೇಲಿ, ಫಲಕ, ಕಾವಲುಗಾರ, ಈ ಮೂರರಲ್ಲಿ ಒಂದು ಕಂಡರೂ ತಿರುಗಿ ಬನ್ನಿ, ಮೊಬೈಲ್ ಜೇಬಿನಲ್ಲಿರಲಿ. ತುಕ್ಕು ಹಿಡಿದ ಕಬ್ಬಿಣದ ತುಂಡು ಸಿಕ್ಕಿತೆಂದು ನೆನಪಿಗೆ ಎತ್ತಿಕೊಳ್ಳಬೇಡಿ. ಎಂಬತ್ತು ವರ್ಷ ಸಿಡಿಯದೆ ಉಳಿದದ್ದು ನಿಮ್ಮ ಕೈಯಲ್ಲಿ ಸಿಡಿಯಲಾರದು ಎಂದು ಬರೆದುಕೊಟ್ಟವರಿಲ್ಲ. ಛಾವಣಿಯ ಮಾತು ಮೇಲೆ ಹೇಳಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ. ಇದು ಅಂಡಮಾನಿಗಷ್ಟೇ ಅಲ್ಲ, ನಮ್ಮ ಹಾಳುಬಾವಿಗಳಿಗೂ, ಸುರಂಗ ಬಾವಿಗೂ ಸಲ್ಲುವ ಮಾತು. ಬಾವಿಯ ಹೂಳು ತೆಗೆಯಲು ಇಳಿಯುವ ಮೊದಲು ನಮ್ಮ ಹಿರಿಯರು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಬಿಡುತ್ತಿದ್ದರು. ದೀಪ ಆರಿದರೆ ಅಂದಿನ ಕೆಲಸ ಬಂದ್. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಆದರೆ ದೀಪ ಉರಿಯಿತೆಂದು ನಂಬಬೇಡಿ, ದೀಪವನ್ನು ಆರಿಸದೆ ಮನುಷ್ಯನನ್ನು ಕೆಡವುವ ಅನಿಲಗಳೂ ಇವೆ. ಒಬ್ಬ ಬಿದ್ದ ಎಂದು ಎತ್ತಲು ಇಳಿದ ಇನ್ನೊಬ್ಬನೂ ಅಲ್ಲೇ ಉಳಿದ ಸುದ್ದಿಯನ್ನು ಪತ್ರಿಕೆಯಲ್ಲಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ನನ್ನ ನಿಯಮ ಇಷ್ಟು: ನಿಂತ ಜಾಗದಿಂದ ಬಂದ ಬಾಗಿಲಿನ ಬೆಳಕು ಕಾಣುತ್ತಿರಬೇಕು. ತಿರುವು ಬಂದು ಬೆಳಕು ಮರೆಯಾಯಿತೇ, ನನ್ನ ನೋಟ ಅಲ್ಲಿಗೆ ಮುಗಿಯಿತು. ಹೇಡಿ ಎಂದರೆ ಎನ್ನಲಿ. ಬ್ಯಾಟರಿ ಬಿಟ್ಟು ಓಡಿಬಂದವನಿಗೆ ಆ ಹೆಸರು ಹೊಸದಲ್ಲ.

ಕೊನೆಗೆ, ನೀವು ಕೇಳದ ಒಂದು ಜಾಗ. ನಾಲ್ಕು ದಿನವಿದ್ದರೆ ಅರ್ಧ ದಿನ ಹಂಫ್ರಿಗಂಜಿಗೆ ಮೀಸಲಿಡಿ. 1944ರ ಜನವರಿ 30ರಂದು ಜಪಾನೀಯರು ಅಲ್ಲಿ 44 ಜನರನ್ನು ಗುಂಡಿಟ್ಟು ಕೊಂದರು. ಬಂಕರು, ಸುರಂಗ ಏನೂ ಇಲ್ಲ, ಒಂದು ಸ್ಮಾರಕವಿದೆ. ನಾವು ಹೋದ ದಿನ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಮಾವ ಚಪ್ಪಲಿ ಬಿಚ್ಚಿಟ್ಟು ಸುತ್ತು ಬಂದರು, ಈ ಸಲ ಯಾವ ಗೋಡೆಯನ್ನೂ ಬಡಿದು ನೋಡಲಿಲ್ಲ. ಬುತ್ತಿಯಲ್ಲಿ ಉಳಿದಿದ್ದ ಜೋಳದ ರೊಟ್ಟಿ, ಶೇಂಗಾ ಹಿಂಡಿಯನ್ನು ಅಲ್ಲೇ ಬಿಚ್ಚೋಣವೇ ಎಂದು ಹೆಂಡತಿ ಕೇಳಿದಳು. ಇಲ್ಲಿ ಬೇಡ, ಮುಂದೆ ಎಲ್ಲಾದರೂ ಕೂರೋಣ ಎಂದರು.